ನೆರಳಿಗೆ ಬ್ರೇಕು

ಗಡಿಯ ಚೌಕಿಯಲ್ಲಿದ್ದ ಆಸಾಮಿ ನನ್ನ ಪಾಸ್‌ಪೋರ್ಟನ್ನು ತಿರುವಿ ಕೂಡ ನೋಡಲಿಲ್ಲ. ಕಾರಿನಿಂದ ಇಳಿಸಿ, ಬಿಸಿಲಿಗೆ ನಿಲ್ಲಿಸಿ, ನೆಲದ ಮೇಲೆ ಬಿದ್ದ ನನ್ನ ನೆರಳನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿದ. “ಎತ್ತರ ಅದೀರಿ. ಸಂಜಿಮುಂದ ರಸ್ತೇಕ ಬರೂವಾಗ ಸ್ವಲ್ಪ ವಿಚಾರ ಮಾಡಿ ಬರ್ರಿ,” ಅಂದು ಅಡ್ಡಗಂಬ ಎತ್ತಿದ. ಇಪ್ಪತ್ತು ವರ್ಷ ಸ್ಟೇರಿಂಗ್ ಹಿಡಿದವನು ನಾನು. ಮೊದಲು ಖಾಸಗಿ ಬಸ್ಸು, ಆಮೇಲೆ ಸ್ವಂತ ಟ್ಯಾಕ್ಸಿ. ಟ್ರಾಫಿಕ್ ಪೊಲೀಸರಿಂದ ಹಿಡಿದು ಕುಡಿದು ಹತ್ತಿದ ಗಿರಾಕಿಯವರೆಗೆ ಎಲ್ಲರಿಗೂ ಉತ್ತರ ಕೊಟ್ಟು ಅಭ್ಯಾಸವಿದೆ. “ನೆರಳಿಗೂ ಲೈಸೆನ್ಸ್ ಬೇಕೇನ್ರಿ?” ಅಂದು ಗಾಡಿ ಮುಂದಕ್ಕೆ ಬಿಟ್ಟೆ.

ನಾನು ಹೋಗಿದ್ದು ತಂಗಿ ವಿಶಾಲಾಕ್ಷಿಯನ್ನು ಕರೆದುಕೊಂಡು ಬರಲು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು, ಅಮ್ಮ ಹೋದ ಮೇಲೆ ತವರು ಅಂದರೆ ನಾನೇ. ಅವಳ ಗಂಡ ಸೋಮಲಿಂಗ ಸರಕು ದೋಣಿಯ ಮೇಲೆ ಕೆಲಸ ಮಾಡುವವನು, ತಿಂಗಳುಗಟ್ಟಲೆ ನೀರಿನ ಮೇಲೇ ಇರುತ್ತಾನೆ. ದೇಶ ಬೇರೆಯಾದರೂ ಅಲ್ಲಿನವರ ಭಾಷೆ ನಮ್ಮದೇ, ಸ್ವಲ್ಪ ಎಳೆದು ಆಡುತ್ತಾರೆ ಅಷ್ಟೆ. ಯಾವ ಕಾಲದಲ್ಲಿ ನಮ್ಮಿಂದ ಬೇರೆಯಾಗಿ ಹೋದರೋ ಯಾರಿಗೂ ಗೊತ್ತಿಲ್ಲ. ಹಿಂದಿನ ಸೀಟಿಗೆ ಮೆತ್ತನೆಯ ಹಾಸಿಗೆ ಹಾಸಿಕೊಂಡು, ಎರಡು ದಿನ ಇದ್ದು ತಂಗಿಯನ್ನು ಕೂರಿಸಿಕೊಂಡು ಬಂದುಬಿಡೋಣ ಅಂತ ಹೊರಟಿದ್ದೆ. ಅಲ್ಲಿನ ಡಾಕ್ಟರಮ್ಮ ಅದಕ್ಕೆ ಕಲ್ಲು ಹಾಕಿದರು. ಮಾಸು ಕೆಳಗೆ ಇಳಿದು ಗರ್ಭದ ಬಾಯಿಗೆ ಅಡ್ಡ ಕೂತಿದೆ, ಗಾಡಿಯಲ್ಲಿ ದೂರ ಕುಲುಕಿಸಿಕೊಂಡು ಹೋದರೆ ತಾಯಿಯೂ ಉಳಿಯುವುದಿಲ್ಲ ಮಗುವೂ ಉಳಿಯುವುದಿಲ್ಲ ಅಂದರು. “ಹಾಸಿಗಿ ಖಾಲಿ ಆದ ಕೂಡಲೇ ಇಲ್ಲೇ ಸೇರಿಸ್ಕೊಂತೀನಿ. ಅದಕ್ಕೂ ಮೊದಲ ರಕ್ತ ಕಾಣಿಸಿದ್ರ ಇದ್ದದ್ದು ಇದ್ದಂಗ ಬಿಟ್ಟು ಓಡಿ ಬರ್ರಿ. ಸಂಜೀ ಹೊತ್ತಿನ್ಯಾಗ ಮಾತ್ರ ಹಂಗ ಆಗದಿರ್ಲಿ ಅಂತ ದೇವರಿಗೆ ಕೈ ಮುಗೀರಿ,” ಅಂದರು. ಸಂಜೆಗೂ ಹೆರಿಗೆಗೂ ಏನು ಸಂಬಂಧ ಅಂತ ಕೇಳಿದೆ. ಡಾಕ್ಟರಮ್ಮ ನನ್ನ ತಂಗಿಯ ಮುಖ ನೋಡಿದರು, ತಂಗಿ ನೆಲ ನೋಡಿದಳು.

ಸಂಬಂಧ ಏನೆಂದರೆ, ಆ ಊರಿನಲ್ಲಿ ಯಾರೂ ಯಾರ ನೆರಳಿನ ಮೇಲೂ ಗಾಡಿ ಹಾಯಿಸುವುದಿಲ್ಲ. ಹಾಯಿಸಿದರೆ ಮೈಗೆ ನೋವಾಗುತ್ತದಂತೆ. ನೆರಳಿನ ಮೇಲೆ ಗಾಡಿ ನಿಲ್ಲಿಸಿದರಂತೂ ಆ ಮನುಷ್ಯ ನಿಂತ ಜಾಗದಿಂದ ಕದಲಲಾರನಂತೆ. ಇದನ್ನು ಅವರು ನಮಗೆ ನೆಗಡಿಯ ವಿಷಯ ಹೇಳುವ ಹಾಗೆ ಹೇಳುತ್ತಾರೆ. ಭಯ ಇಲ್ಲ, ಭಕ್ತಿ ಇಲ್ಲ, ಅದಕ್ಕೊಂದು ಗುಡಿಯೂ ಇಲ್ಲ. ಬೆಳಿಗ್ಗೆ ನೆರಳು ಉದ್ದ ಇರುವ ತನಕ ಗಾಡಿಗಳು ಹೊರಗೆ ಬರುವುದಿಲ್ಲ. ಹೊತ್ತು ನೆತ್ತಿಗೆ ಬರುತ್ತಿದ್ದ ಹಾಗೆ ಬಸ್ಸು, ಲಾರಿ, ಟೆಂಪೊ ಎಲ್ಲ ಗೂಡು ಒಡೆದ ಹಾಗೆ ಹೊರಬೀಳುತ್ತವೆ. ಶಾಲೆಗೂ ಆಗಲೇ, ಕಚೇರಿಗೂ ಆಗಲೇ, ಸಂತೆಗೂ ಆಗಲೇ. ಹೊತ್ತು ಇಳಿಯುತ್ತಿದ್ದ ಹಾಗೆ ಎಲ್ಲ ಮತ್ತೆ ಗೂಡಿಗೆ. ಸಂಜೆ ರಸ್ತೆ ಪೂರ್ತಿ ನಡೆಯುವವರದ್ದು. ಆಳೆತ್ತರದ ಮೈಗೆ ಅರ್ಧ ಬೀದಿಯಷ್ಟು ನೆರಳು ಚಾಚಿಕೊಂಡು, ಕಡಲೆಕಾಯಿ ತಿನ್ನುತ್ತಾ, ಹೆಂಡತಿಯ ಕೈ ಹಿಡಿದುಕೊಂಡು, ರಸ್ತೆಯ ನಟ್ಟನಡುವೆ ತಮ್ಮ ಅಜ್ಜನ ಅಂಗಳದಲ್ಲಿ ಓಡಾಡಿದ ಹಾಗೆ ಓಡಾಡುತ್ತಾರೆ. ಮೋಡ ಕವಿದ ದಿನ ಬಂತೆಂದರೆ ಊರಿಗೆ ಊರೇ ಹಬ್ಬ. ಬೀರುವಿನಿಂದ ಕೀಲಿಕೈ ತೆಗೆದು, ಮದುವೆಯಾದವರು ಮಕ್ಕಳನ್ನು, ಮಕ್ಕಳು ಅಜ್ಜಿಯರನ್ನು ಕೂರಿಸಿಕೊಂಡು ಸುಮ್ಮನೆ ಊರು ಸುತ್ತುತ್ತಾರೆ. ಮಧ್ಯೆ ಬಿಸಿಲು ಇಣುಕಿತೋ, ಎಲ್ಲಿದ್ದಾರೋ ಅಲ್ಲೇ ಬ್ರೇಕು. ರಸ್ತೆ ಬದಿಗೆ ಹೆಸರಿಗೆ ಕೂಡ ಒಂದು ಮರ ಇಲ್ಲ. ಹಿಂದೆ ಇದ್ದವಂತೆ. ಅವುಗಳ ನೆರಳಿನ ಮೇಲೆ ಲಾರಿ ಓಡಿ ಓಡಿ ಒಂದೊಂದೇ ಕೊಂಬೆ ಒಣಗಿ ಬಿದ್ದವಂತೆ.

ಇನ್ನು ಗಾಡಿ ನಿಲ್ಲಿಸುವುದು ಅಂದರೆ ದೇವರ ಪ್ರತಿಷ್ಠೆ ಮಾಡಿದ ಹಾಗೆ. ಇಳಿಯಬೇಕು, ಸೂರ್ಯನನ್ನು ನೋಡಬೇಕು, ನೆಲ ನೋಡಬೇಕು, ಗಾಡಿಗೆ ಒಂದು ಸುತ್ತು ಬರಬೇಕು. ಆಮೇಲೆ ಅಕ್ಕಪಕ್ಕ ನಿಂತವರನ್ನೆಲ್ಲ, “ನಿಮ್ದೇನರ ಸಿಕ್ಕೊಂಡೈತೇನ್ರಿ?” ಅಂತ ಕೇಳಬೇಕು. ಅವರು ಒಂದು ಹೆಜ್ಜೆ ಹಿಂದೆ, ಒಂದು ಹೆಜ್ಜೆ ಮುಂದೆ ಇಟ್ಟು ನೋಡಿ, “ಇಲ್ಲ, ಆರಾಮ ಹೋಗಿ ಬರ್ರಿ” ಅಂದ ಮೇಲೆಯೇ ಬಾಗಿಲಿಗೆ ಬೀಗ. ನಾವು ಇಷ್ಟು ಹೊತ್ತಿನಲ್ಲಿ ಎರಡು ಕಡೆ ನಿಲ್ಲಿಸಿ, ಮೂರು ಜನರ ಹತ್ತಿರ ಜಗಳವಾಡಿ, ಕೆಲಸ ಮುಗಿಸಿಕೊಂಡು ಮನೆಗೆ ಬಂದಿರುತ್ತೇವೆ. ನಮ್ಮೂರಿನಲ್ಲಿ ಗಾಡಿ ನಿಲ್ಲಿಸಲು ಬೇಕಾದದ್ದು ಎದೆಗಾರಿಕೆ. ಗೇಟಿನ ಮೇಲೆ ‘ಇಲ್ಲಿ ವಾಹನ ನಿಲ್ಲಿಸಿದರೆ ಗಾಳಿ ತೆಗೆಯಲಾಗುವುದು’ ಅಂತ ಬರೆದಿದ್ದರೆ ಅದರ ಅರ್ಥ ಅಲ್ಲಿ ಜಾಗ ಇದೆ ಅಂತ. ರಸ್ತೆ ದಾಟುವುದೂ ಅಷ್ಟೆ. ಬರುವ ಬಸ್ಸಿಗೆ ಅಂಗೈ ತೋರಿಸಿಕೊಂಡು, ಇನ್ನೊಂದು ಕೈಯಲ್ಲಿ ಫೋನು ಹಿಡಿದುಕೊಂಡು ನಡೆದುಬಿಡುವುದು. ಬದುಕಿದವರು ಆಚೆ ದಡ ಸೇರುತ್ತಾರೆ. ಅಂಥ ಊರಿನಲ್ಲಿ ಪಳಗಿದವನಿಗೆ ಈ ನೆರಳಿನ ನಾಟಕ ನೋಡಿದರೆ ಮೈ ಉರಿಯುವುದಿಲ್ಲವೆ?

ಮೊದಲ ದಿನ ವಿಶಾಲೂ ಇರುವ ಓಣಿಗೆ ಗಾಡಿ ತಿರುಗಿಸಿದಾಗ ರೂಢಿಯಂತೆ ಒಂದು ಉದ್ದ ಹಾರ್ನ್ ಹೊಡೆದೆ. ಕಟ್ಟೆಯ ಮೇಲೆ ಕೂತಿದ್ದವರೆಲ್ಲ ಎದ್ದು ನಿಂತರು. ಗಂಡಸರು ತಲೆಯ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡರು. ಹೆಂಗಸರು ಸೆರಗು ಎಳೆದುಕೊಂಡರು. ಬೀಗರ ಕಡೆಯವನು ಬಂದನೆಂದು ಇಷ್ಟೊಂದು ಮರ್ಯಾದೆಯೇ ಅಂತ ನನಗೆ ಖುಷಿಯಾಯಿತು. ಇನ್ನೊಂದು ಸಲ ಹೊಡೆದೆ. ವಿಶಾಲೂ ಹೊಟ್ಟೆ ಹಿಡಿದುಕೊಂಡು ಬಾಗಿಲಿಗೆ ಓಡಿ ಬಂದು, “ಅಣ್ಣಾ, ಇಲ್ಲಿ ಹಾರ್ನ್ ಹೊಡೀಬಾರದು,” ಅಂದಳು. “ಹೊಡೀದೆ ಇಟ್ಕೊಳ್ಳೋಕೆ ಅದೇನು ಪೂಜೆ ಸಾಮಾನೇನೆ?” ಅಂದೆ. ಯಾಕೆ ಅಂತ ಕೇಳಲಿಲ್ಲ. ಹೇಳಿದ್ದರೂ ಇನ್ನೊಂದು ಪುರಾಣ ಅಂತ ಬಿಟ್ಟುಬಿಡುತ್ತಿದ್ದೆ.

ಆಮೇಲೆ ಆದದ್ದು ಕೊಟ್ರಪ್ಪನವರ ಪ್ರಸಂಗ. ಕೊಟ್ರಪ್ಪ ಎದುರು ಮನೆಯ ಮುದುಕರು, ಗಿರಣಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಓಣಿಯ ಬಾಯಲ್ಲಿ ಒಂದು ಹಲಗೆ ಇತ್ತು, ‘ನೆರಳಿನಲ್ಲಿ ಗಾಡಿ ನಿಲ್ಲಿಸಬಾರದು’ ಅಂತ. ಅದನ್ನು ನೋಡಿ ನಕ್ಕು ನಕ್ಕು ಸುಸ್ತಾಗಿದ್ದೆ. ಜಗತ್ತಿನಲ್ಲಿ ಡ್ರೈವರ್ ಆದವನು ಹುಡುಕುವುದೇ ನೆರಳನ್ನು! ಬಿಸಿಲಲ್ಲಿ ನಿಲ್ಲಿಸಿದರೆ ಸೀಟು ಕಾದ ಹೆಂಚಾಗುತ್ತದೆ, ಸ್ಟೇರಿಂಗ್ ಮುಟ್ಟಲಾಗುವುದಿಲ್ಲ. ನಮ್ಮ ಭಾಷೆಯೇ ಆಡುವ ಇವರಿಗೆ ಅಷ್ಟೂ ಗೊತ್ತಿಲ್ಲವಲ್ಲ ಅಂದುಕೊಂಡೆ. ಆ ದಿನ ಬೆಳಗಿನ ಬಿಸಿಲು ಆಗಲೇ ಸುಡುತ್ತಿತ್ತು. ಎಲ್ಲರೂ ಗಾಡಿಯನ್ನು ಒಳಗೇ ಇಟ್ಟಿರುವ ಹೊತ್ತಿನಲ್ಲಿ ನಾನೊಬ್ಬನೇ ಹಾಲು ತರಕಾರಿ ಅಂತ ಹೋಗಿ ಬಂದಿದ್ದೆ. ಸೂರ್ಯನಿಗೆ ನೇರ ಚಾಚಿದ ಆ ಓಣಿಗೆ ಮನೆಗಳ ನೆರಳು ಬೀಳುತ್ತಿರಲಿಲ್ಲ, ಕಣ್ಣಿಗೆ ಬಿದ್ದ ನೆರಳು ಅಂದರೆ ಕೊಟ್ರಪ್ಪ ಬಿಚ್ಚಿ ಹಿಡಿದಿದ್ದ ದೊಡ್ಡ ಕರಿಯ ಛತ್ರಿಯದ್ದು. ಹಿಡಿಯಷ್ಟು ನೆರಳು ಕಂಡರೂ ಬಿಡುವ ಜಾತಿಯಲ್ಲ ನನ್ನದು. ಡ್ರೈವರ್ ಸೀಟಿನ ಕಡೆಗಾದರೂ ತಂಪಿರಲಿ ಅಂತ ಮುಂದಿನ ಚಕ್ರ ಸರಿಯಾಗಿ ಅದರೊಳಕ್ಕೆ ಬರುವ ಹಾಗೆ ನಿಲ್ಲಿಸಿದೆ. ಮುದುಕರು, “ಬೀಗರ, ಸ್ವಲ್ಪ ನೆಳ್ಳು...” ಅಂದರು. “ಹೌದು, ಒಳ್ಳೆ ನೆರಳಿದೆ. ಈಗ ಬಂದೆ,” ಅಂದು ಒಳಗೆ ಹೋದೆ.

ಒಳಗೆ ವಿಶಾಲೂ ಬಿಸಿ ಬಿಸಿ ಒತ್ತುಶಾವಿಗೆ ಮಾಡಿಟ್ಟಿದ್ದಳು. ತಿಂದೆ. ಊರಿನ ಸುದ್ದಿ ಮಾತಾಡಿದೆವು. ಸ್ವಲ್ಪ ಅಡ್ಡಾದೆ. ಎದ್ದು ಹೊರಗೆ ಬಂದರೆ ಕೊಟ್ರಪ್ಪ ಅಲ್ಲೇ ನಿಂತಿದ್ದಾರೆ, ಛತ್ರಿಯೂ ಹಾಗೇ ಬಿಚ್ಚಿದೆ. ಅಂಗಿ ಬೆವರಿಗೆ ಮೈಗೆ ಅಂಟಿಕೊಂಡಿದೆ, ತುಟಿ ಒಣಗಿ ಬೆಳ್ಳಗಾಗಿದೆ. ಯಾರೋ ತಂದಿಟ್ಟ ನೀರಿನ ಚೊಂಬು ಕಾಲ ಬಳಿ ಖಾಲಿ ಬಿದ್ದಿದೆ. “ಇನ್ನೂ ಇಲ್ಲೇ ಇದೀರಾ ಯಜಮಾನರೇ?” ಅಂದೆ. “ಈಗ ಬಂದೆ ಅಂದ್ರೆಲ್ಲಾ. ಬರ್ತೀರಿ ಅಂತ ನಿಂತೆ,” ಅಂದರು. ಬೈಯಲಿಲ್ಲ. ಬೈದಿದ್ದರೆ ನನಗೂ ಹಗುರವಾಗುತ್ತಿತ್ತು. ಗಾಡಿ ಹಿಂದಕ್ಕೆ ತೆಗೆದ ತಕ್ಷಣ ಅವರು ಉಸಿರು ಬಿಟ್ಟು ಗೋಡೆ ಹಿಡಿದುಕೊಂಡರು. ಹೊತ್ತು ನೆತ್ತಿಗೆ ಬಂದಿದ್ದರೂ ಚಕ್ರದ ಕೆಳಗಿನ ನೆರಳು ಬೆಳಗಿನಷ್ಟೇ ಉದ್ದವಾಗಿ ಬಿದ್ದಿದ್ದನ್ನು ನಾನು ನೋಡಿದೆ. ನೋಡಿ, ಏನೋ ಕಣ್ಣಿನ ಭ್ರಮೆ ಅಂತ ಬಿಟ್ಟುಬಿಟ್ಟೆ. ಪರವೂರಿನ ಮುದುಕನ ಹಟಕ್ಕೆಲ್ಲ ತಲೆ ಕೆಡಿಸಿಕೊಂಡರೆ ಬದುಕುವುದು ಹೇಗೆ?

ವಿಶಾಲೂಗೆ ಮಾತ್ರ ಬೇಜಾರಾಯಿತು. ಅವಳು ಅಲ್ಲಿಗೆ ಮದುವೆಯಾಗಿ ಹೋಗಿ ಪೂರಾ ಅಲ್ಲಿಯವಳೇ ಆಗಿಬಿಟ್ಟಿದ್ದಳು. ಅಂಗಡಿಗೆ ಹೋಗುವಾಗ ಒಂದು ಕಣ್ಣು ತನ್ನ ನೆರಳಿನ ಮೇಲೆ ಇಟ್ಟುಕೊಂಡು, ಸೀರೆಯ ನೆರಿಗೆ ಎತ್ತಿದ ಹಾಗೆ ಅದನ್ನು ಎಳೆದುಕೊಂಡು ನಡೆಯುತ್ತಿದ್ದಳು. “ಅಣ್ಣಾ, ನಿನಗೆ ನಂಬಿಕೆ ಇಲ್ಲದೆ ಇದ್ರೆ ಬೇಡ. ಆದ್ರೆ ಅವರಿಗೆ ನೋಯತ್ತೆ ಅಂದ್ಮೇಲೆ ನೋಯತ್ತೆ ಅಷ್ಟೇ,” ಅಂದಳು. “ನೋಯತ್ತೆ ಅಂತ ಅಂದುಕೊಂಡ್ರೆ ಎಲ್ಲಾನೂ ನೋಯತ್ತೆ,” ಅಂದೆ. ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಒಳಗೆ ಹೋದಳು. ಅವಳ ಮುಖ ದಿನದಿನಕ್ಕೆ ಬಿಳಿಚಿಕೊಳ್ಳುತ್ತಿತ್ತು. ನನ್ನ ಸಿಟ್ಟಿನ ಅರ್ಧ ಭಾಗ ಹೆದರಿಕೆ ಅಂತ ನನಗೂ ಗೊತ್ತಿತ್ತು. ಆಸ್ಪತ್ರೆ ಇದ್ದದ್ದು ಕೆರೆ ರಸ್ತೆಯ ಆ ತುದಿಗೆ. ನಮ್ಮೂರಿನಲ್ಲಾದರೆ ಒಂದು ಹಾಡು ಮುಗಿಯುವುದರೊಳಗೆ ತಲುಪಿಸಿಬಿಡುತ್ತಿದ್ದೆ. ಇಲ್ಲಿ ಸಂಜೆಯಾದರೆ ಆಸ್ಪತ್ರೆಯ ಗಾಡಿ ಕೂಡ ನೆರಳಿಗೆ ಬ್ರೇಕು ಹಾಕಿಕೊಂಡು ಕೂರಬೇಕು. ಬೇಗ ಸೇರಿಸಿಕೊಳ್ಳಿ ಅಂತ ಹೋಗಿ ಕೂಗಾಡಿದೆ. ಹಾಸಿಗೆ ಖಾಲಿಯಾಗಲಿಲ್ಲ.

ಪಕ್ಕದ ಮನೆಯ ನೀಲಗಂಗವ್ವ ಆಗಾಗ ಬಂದು ವಿಶಾಲೂ ಜೊತೆ ಕೂರುತ್ತಿದ್ದಳು. ಶಾಲೆಯ ವ್ಯಾನು ಓಡಿಸುವ ಹೆಂಗಸು. ಓಡಿಸುತ್ತಾಳೆ ಅನ್ನುವುದು ಮಾತಿಗೆ ಅಷ್ಟೆ, ಅವಳ ವ್ಯಾನಿಗಿಂತ ಎಮ್ಮೆ ಬೇಗ ಹೋಗುತ್ತದೆ. ಒಂದೊಂದು ಮಗು ಇಳಿದಾಗಲೂ ತಾನೂ ಇಳಿದು, ಮಗುವಿನ ನೆರಳು ಪೂರ್ತಿ ಬಾಗಿಲೊಳಗೆ ಹೋಗುವ ತನಕ ಕಾದು, ಆಮೇಲೆ ಹತ್ತುತ್ತಿದ್ದಳು. “ನಿಮ್ಮಂಥವರು ನಮ್ಮೂರಲ್ಲಿ ವ್ಯಾನ್ ಹಿಡಿದ್ರೆ ಮಕ್ಕಳು ಶಾಲೆ ಸೇರೋದ್ರಲ್ಲಿ ಪರೀಕ್ಷೆನೇ ಮುಗಿದಿರುತ್ತೆ,” ಅಂತ ಒಂದು ದಿನ ಅಂದೆ. ಅವಳು ನಕ್ಕಳು. “ಎಲ್ಲಾ ಮಕ್ಕಳೂ ಸೇರ್ತಾವೇನ್ರಿ ನಿಮ್ಮೂರಾಗ?” ಅಂತ ಕೇಳಿದಳು. ಕುಹಕ ಇರಲಿಲ್ಲ, ನಿಜವಾಗಿ ತಿಳಿದುಕೊಳ್ಳಲು ಕೇಳಿದಳು. ನಾನು ಬಟ್ಟೆ ತೆಗೆದುಕೊಂಡು ಗಾಡಿಯ ಗಾಜು ಒರೆಸಲು ಹೋದೆ.

ಸರಿಯಾಗಿ ಸಂಜೆಗೇ ಆಯಿತು. ವಿಶಾಲೂ ಬಚ್ಚಲಿನಿಂದ ನನ್ನನ್ನು ಕೂಗಿದ ದನಿಯಲ್ಲೇ ಗೊತ್ತಾಯಿತು. ಸೀರೆ ಕೆಂಪಾಗಿತ್ತು. ಎತ್ತಿಕೊಂಡು ಓಡಿ ಹಿಂದಿನ ಸೀಟಿನಲ್ಲಿ ಮಲಗಿಸಿದೆ. ನೀಲಗಂಗವ್ವ ಕೈಯಲ್ಲಿದ್ದ ಹಿಟ್ಟನ್ನೂ ತೊಳೆಯದೆ ಬಂದು ಮುಂದಿನ ಸೀಟಿಗೆ ಹತ್ತಿದಳು. ಓಣಿಯ ಜನಕ್ಕೆ ಹೇಳಬೇಕಾಗಲಿಲ್ಲ, ಎಲ್ಲರೂ ಗೋಡೆಗೆ ಅಂಟಿಕೊಂಡು ದಾರಿ ಬಿಟ್ಟರು. ಕೆರೆ ರಸ್ತೆಗೆ ಬಂದೆವು.

ಎದುರಿಗೆ, ಸ್ವಲ್ಪ ಎಡಕ್ಕೆ, ಕೆರೆಯ ಮೇಲೆ ಸೂರ್ಯ ಇಳಿಯುತ್ತಿದ್ದ. ಬಲಗಡೆ ಅಂಗಡಿ ಸಾಲು, ಎಡಗಡೆ ಬಯಲು ಕೆರೆ, ತಡೆ ಏನೂ ಇಲ್ಲ. ಇಡೀ ಊರು ಗಾಳಿ ಸೇವನೆಗೆ ಬಂದಿತ್ತು. ಒಬ್ಬೊಬ್ಬರ ನೆರಳೂ ರಸ್ತೆಗೆ ಓರೆಯಾಗಿ ಈ ಕಡೆಯಿಂದ ಆ ಕಡೆಗೆ ಬಿದ್ದಿತ್ತು. ಪಕ್ಕಕ್ಕೆ ಸರಿದರೂ ಪ್ರಯೋಜನವಿಲ್ಲ, ಮನುಷ್ಯ ಸರಿಯುತ್ತಾನೆ, ನೆರಳು ಅಡ್ಡವೇ ಇರುತ್ತದೆ. ನನ್ನ ಕೈ ತಾನಾಗಿ ಹಾರ್ನ್ ಮೇಲೆ ಬಿತ್ತು. ಬಿಡದೆ ಒತ್ತಿದೆ. ಕೆರೆಯ ಕಟ್ಟೆಯ ಮೇಲೆ ಕೂತಿದ್ದ ಜನ ಕೂಡ ತಟ್ಟನೆ ಎದ್ದು ನಿಂತರು. ರುಮಾಲು ಕೈಗೆ ಬಂದವು. ತಲೆಗಳು ತಗ್ಗಿದವು. ಮೊದಲು ಅಲ್ಲಲ್ಲಿ ಖಾಲಿ ಇದ್ದ ರಸ್ತೆ ಈಗ ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ನೆರಳು ತುಂಬಿ ಕಪ್ಪಾಗಿಹೋಯಿತು. ನಾನು ಇನ್ನೂ ಜೋರಾಗಿ ಒತ್ತಿದೆ. ನೀಲಗಂಗವ್ವ ನನ್ನ ಕೈಯನ್ನು ಹಿಡಿದು ಕಿತ್ತು ತೆಗೆದಳು.

“ಬೀಗರ, ಹೊಡೀಬ್ಯಾಡ್ರಿ! ನಮ್ಮಲ್ಲಿ ಹಾರ್ನ್ ಹೊಡಿಯೂದು ಹೆಣದ ಗಾಡಿ ಒಂದ. ಅದಕ್ಕ ಎದ್ದು ನಿಂದರ್ತಾರ.”

ಹಿಂದಿನ ಸೀಟಿನಿಂದ ವಿಶಾಲೂ, “ಅಣ್ಣಾ, ನಾನಿನ್ನೂ ಸತ್ತಿಲ್ಲ ಕಣೋ,” ಅಂದಳು. ಅವಳು ನಗಲು ನೋಡಿದಳು, ಆಗಲಿಲ್ಲ.

ನನ್ನ ತಲೆ ಕೆಟ್ಟುಹೋಯಿತು. ಮೊದಲ ಗೇರಿಗೆ ಹಾಕಿದೆ. “ನೆರಳು ತಾನೆ, ಹಾಯಿಸಿಕೊಂಡು ಹೋಗ್ತೀನಿ. ಏನಾಗುತ್ತೋ ನೋಡೋಣ,” ಅಂದೆ. ನೀಲಗಂಗವ್ವ ಬಾಗಿಲು ತೆಗೆದು ಒಂದು ಕಾಲು ಹೊರಗಿಟ್ಟಳು. “ಹಾಯಿಸ್ರಿ. ಆದ್ರ ಮೊದಲ ನನ್ನ ಇಳಸ್ರಿ. ಈಕೀ ಒಬ್ಬಾಕೀ ಸಲುವಾಗಿ ಎಷ್ಟ ಮಂದೀನ ನೆಲಕ್ಕ ಕೆಡವ್ತೀರಿ?” ಅಂದಳು. ಮುಂದೆ ಒಬ್ಬ ಬಳೆಗಾರ ಬುಟ್ಟಿ ಹೊತ್ತು ತಲೆ ತಗ್ಗಿಸಿ ನಿಂತಿದ್ದ. ಅವನ ಪಕ್ಕದಲ್ಲಿ ಒಬ್ಬಳು ಕೂಸನ್ನು ಹೆಗಲಿಗೆ ಹಾಕಿಕೊಂಡಿದ್ದಳು. ತಾಯಿಯ ನೆರಳಿನ ಮೇಲೆ ಕೂಸಿನ ನೆರಳು ಕೂತು ಎರಡೂ ಸೇರಿ ನನ್ನ ಬಂಪರಿನ ತನಕ ಬಂದಿದ್ದವು. ಹಿಂದಿನಿಂದ ವಿಶಾಲೂ ನನ್ನ ಅಂಗಿಯ ಕಾಲರು ಹಿಡಿದಳು. “ಬೇಡ ಅಣ್ಣ. ಅವರ ಮೇಲೆ ಹೋಗಿ ನನ್ನನ್ನ ಉಳಿಸಬೇಡ.” ನೆರಳಿನ ಮೇಲಿನ ನಂಬಿಕೆಯಿಂದ ನಾನು ಬ್ರೇಕು ತುಳಿಯಲಿಲ್ಲ. ತಂಗಿ ಬೇಡ ಅಂದಳು, ತುಳಿದೆ.

“ಮತ್ತೇನು ಮಾಡಲಿ ಹೇಳಿ! ಇಲ್ಲೇ ಕೂತು ನೋಡ್ತಾ ಇರಲಾ?” ಅಂತ ಕಿರುಚಿದೆ.

“ಇಳದು ಕೇಳ್ರಿ.”

“ಏನಂತ?”

“ಕುಂದ್ರಿ ಅಂತ. ಕುಂತ್ರ ನೆಳ್ಳು ಸಣ್ಣದಾಗ್ತೈತಿ. ಗಾಡಿ ನಾ ತರ್ತೀನಿ.”

ಇಪ್ಪತ್ತು ವರ್ಷ ನಾನು ದಾರಿ ಕೇಳಿದ್ದು ಹಾರ್ನಿನಿಂದ. ಬಾಯಿಂದ ಕೇಳಿದವನಲ್ಲ. ಇಳಿದೆ. ನನ್ನ ಗಾಡಿಯ ಸ್ಟೇರಿಂಗಿಗೆ ಆ ಎಮ್ಮೆ ನಡಿಗೆಯ ಹೆಂಗಸು ಕೂತಳು. ನಾನು ಬಳೆಗಾರನ ಮುಂದೆ ಹೋಗಿ ನಿಂತೆ. ನಮ್ಮೂರಿನ ಮಾತು ಗಂಟಲಿನಲ್ಲೇ ಉಳಿಯಿತು, ಅವರದೇ ಮಾತು ಬಂತು. “ಯಣ್ಣಾ, ಕುಂದ್ರಿ. ನನ್ನ ತಂಗಿ ಅದಾಳ ಗಾಡಿಯಾಗ. ಸ್ವಲ್ಪ ಕುಂದ್ರಿ.”

ಯಾಕೆ ಅಂತ ಅವನು ಕೇಳಲಿಲ್ಲ. ಬುಟ್ಟಿಯನ್ನು ತಲೆಯಿಂದ ಇಳಿಸದೆಯೇ ಹಾಗೇ ಮೊಣಕಾಲು ಮಡಿಸಿ ಕೂತ. ಅವನ ನೆರಳು ಸರಸರನೆ ಹಿಂದಕ್ಕೆ ಬಂದು ಅವನ ಪಾದದ ಹತ್ತಿರ ಮುದುರಿಕೊಂಡಿತು. ಕೂಸಿನ ತಾಯಿ ಕೂತಳು. ಅವಳ ಹಿಂದಿನವರು ಅವಳನ್ನು ನೋಡಿ ಕೂತರು. ನಾನು ಮುಂದೆ ಹೋದೆ. “ಕುಂದ್ರಿ ಯಪ್ಪಾ, ಕುಂದ್ರಿ ಯವ್ವಾ.” ಇಸ್ತ್ರಿ ಮಾಡಿದ ಪ್ಯಾಂಟಿನ ಮೇಷ್ಟರೊಬ್ಬರು ಧೂಳಿನಲ್ಲಿ ಕೂತರು. ಕೈ ಕೈ ಹಿಡಿದುಕೊಂಡಿದ್ದ ಹೊಸ ಜೋಡಿ ಕೈ ಬಿಡದೆ ಕೂತಿತು. ಐಸ್‌ಕ್ರೀಮಿನವನು ತನ್ನ ತಳ್ಳುಗಾಡಿಯನ್ನು ಅಂಗಡಿ ಗೋಡೆಗೆ ಒರಗಿಸಿ ಕೂತ. ಒಬ್ಬ ಪೇದೆ ತನ್ನ ಲಾಠಿಯ ನೆರಳೂ ಅಡ್ಡ ಬರಬಾರದೆಂದು ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತ. ಒಬ್ಬ ಅಜ್ಜಿ ಮಾತ್ರ ಕೂರುತ್ತಾ, “ಹೆರಿಗೇನ ತಮ್ಮಾ?” ಅಂದಳು. “ಹೂಂ ಅಜ್ಜಿ,” ಅಂದೆ. “ಸುಸೂತ್ರ ಆಗ್ತೈತಿ, ಹೋಗು,” ಅಂದಳು. ನಮ್ಮೂರಿನ ಜನವನ್ನು ಹೀಗೆ ಕೂರಿಸಲು ಹೋಗಿದ್ದರೆ ಏನಾಗುತ್ತಿತ್ತು ಅಂತ ಆ ಗಡಿಬಿಡಿಯಲ್ಲೂ ನನ್ನ ತಲೆಗೆ ಬಂತು. ‘ಯಾವನಪ್ಪ ನೀನು’ ಅನ್ನುವುದರಿಂದ ಶುರುವಾಗಿ ಯಾವನೋ ವಿಡಿಯೋ ಮಾಡುವುದರಲ್ಲಿ ಮುಗಿಯುತ್ತಿತ್ತು.

ಸ್ವಲ್ಪ ದೂರ ಹೋಗಿ ತಿರುಗಿ ನೋಡಿದರೆ ಗಾಡಿ ಬಹಳ ಹಿಂದೆ ಉಳಿದಿತ್ತು. ನಾನು ದಾಟಿ ಹೋದ ತಕ್ಷಣ, ಆಯಿತೆಂದುಕೊಂಡು ಜನ ಏಳುತ್ತಿದ್ದರು. ನೀಲಗಂಗವ್ವ ಮತ್ತೆ ನಿಲ್ಲುತ್ತಿದ್ದಳು. ಅವರು ಮತ್ತೆ ಕೂರಬೇಕು, ಅವಳು ಮತ್ತೆ ಬರಬೇಕು. ನಾನು ಓಡಿ ಹಿಂದಕ್ಕೆ ಹೋದೆ. ಹಿಂದಿನ ಸೀಟಿನ ಹಾಸಿಗೆ ಪೂರ್ತಿ ನೆನೆದಿತ್ತು. ವಿಶಾಲೂ ಕಣ್ಣು ಮುಚ್ಚಿದ್ದಳು, ಕೂಗಿದರೆ ರೆಪ್ಪೆ ಮಾತ್ರ ಅಲುಗಿತು.

“ನನಗೆ ಅಂಟಿಕೊಂಡು ಬನ್ನಿ! ಇಷ್ಟು ದೂರ ಯಾಕೆ ಬಿಡ್ತೀರಿ?” ಅಂತ ನೀಲಗಂಗವ್ವನಿಗೆ ಕಿರುಚಿದೆ.

“ನಿಮ್ಮ ನೆಳ್ಳು ಬಿದ್ದೈತಲ್ರಿ,” ಅಂದಳು ಅವಳು.

ಹೌದು, ಬಿದ್ದಿತ್ತು. ಸೂರ್ಯ ಎದುರಿಗಿದ್ದ, ನಾನು ಎತ್ತರದ ಆಳು. ನನ್ನ ಹಿಂದೆ ಅರ್ಧ ರಸ್ತೆಯಷ್ಟು ಉದ್ದಕ್ಕೆ ಅದು ಬಿದ್ದಿತ್ತು, ಅದನ್ನು ತಪ್ಪಿಸಿಕೊಂಡು ಬರುವಷ್ಟರಲ್ಲಿ ಜನ ಎದ್ದುಬಿಡುತ್ತಿದ್ದರು. “ಅದು ಹೊರಗಿನವನ ನೆರಳಮ್ಮ. ನಮಗೆಲ್ಲ ಏನೂ ಆಗಲ್ಲ. ಅದರ ಮೇಲೇ ಬನ್ನಿ,” ಅಂದೆ.

“ಖರೇನ?”

“ಖರೇ. ನನ್ನ ತಂಗಿ ಆಣೆ.”

ನನಗೆ ಗೊತ್ತಿದ್ದದ್ದನ್ನೇ ನಾನು ಹೇಳಿದೆ. ಸುಳ್ಳು ಹೇಳುತ್ತಿದ್ದೇನೆ ಅಂತ ನನಗೆ ಅನಿಸಿರಲಿಲ್ಲ. ತಿರುಗಿ ನಡೆದೆ. ಹಿಂದೆ ಎಂಜಿನ್ನಿನ ಸದ್ದು ಹತ್ತಿರವಾಯಿತು. ಮೊದಲು ನೆತ್ತಿಯ ಮೇಲೆ ಯಾರೋ ಅಂಗೈ ಊರಿದ ಹಾಗಾಯಿತು. ಆಮೇಲೆ ಭುಜ. ಆಮೇಲೆ ಬೆನ್ನಿನ ಮೂಳೆಯ ಮೇಲೆ ಗಾಡಿಯ ಭಾರವೆಲ್ಲ ಬಂದು ಕೂತಿತು. ಬಾಯಿ ತೆರೆದೆ. ಉಸಿರು ಬರಲಿಲ್ಲ. ಅವಳು ನಿಧಾನವಾಗಿ ಬರುತ್ತಿದ್ದಳು, ಆ ನಿಧಾನವೇ ನನ್ನನ್ನು ಅರೆಯುತ್ತಿತ್ತು. ಒಂದು ಸಲ ಅಮ್ಮಾ ಅಂದರೆ ಸಾಕು, ಅವಳು ಬ್ರೇಕು ತುಳಿಯುತ್ತಾಳೆ. ತುಳಿದರೆ ನಾನು ಅಲ್ಲೇ ಕಂಬ, ಜನ ಏಳುತ್ತಾರೆ, ವಿಶಾಲೂ ಹೋಗುತ್ತಾಳೆ. ಹಲ್ಲು ಕಚ್ಚಿದೆ. ಕಾಲನ್ನು ಎತ್ತಿ ಇಡಲಾಗದೆ ಎಳೆದೆ. “ಕುಂದ್ರಿ,” ಅಂದೆ. ದನಿ ನನ್ನದೆನಿಸಲಿಲ್ಲ. “ಕುಂದ್ರಿ ಯಪ್ಪಾ.” ಮುಂದಿದ್ದವರು ನನ್ನ ಮುಖ ನೋಡಿ, ಆಮೇಲೆ ನನ್ನ ಹಿಂದೆ ಬರುತ್ತಿದ್ದ ಗಾಲಿಗಳನ್ನು ನೋಡಿ, ಏನೂ ಅನ್ನದೆ ಕೂತರು. ಒಬ್ಬ ಹೆಂಗಸು ಬಾಯಿಗೆ ಸೆರಗು ಒತ್ತಿಕೊಂಡಳು. ಇವರೆಲ್ಲ ಇದನ್ನು ನಮಗೆ ನೆಗಡಿಯ ಹಾಗೆ ಹೇಳುತ್ತಿದ್ದರಲ್ಲ ಅಂತ ನನಗೆ ಅವರ ಮೇಲೆ ಕೆಟ್ಟ ಸಿಟ್ಟು ಬಂತು. ಇಷ್ಟು ನೋವಾಗುತ್ತದೆ ಅಂತ ಕಿವಿ ಹಿಂಡಿ ಹೇಳಬಾರದಿತ್ತೆ?

“ಏನೂ ಆಗವಲ್ದಲ್ರಿ?” ಹಿಂದಿನಿಂದ ನೀಲಗಂಗವ್ವ ಕೂಗಿ ಕೇಳಿದಳು.

“ಏನಿಲ್ಲ, ಬನ್ನಿ ಬನ್ನಿ,” ಅಂದೆ. ತಿರುಗಿ ನೋಡಲಿಲ್ಲ. ನನ್ನ ಮುಖ ಅವಳಿಗೆ ಕಾಣಬಾರದಿತ್ತು.

ಆಸ್ಪತ್ರೆಯ ಗೇಟಿನಲ್ಲಿ ರೋಗಿಗಳನ್ನು ನೋಡಲು ಬಂದವರ ದೊಡ್ಡ ಗುಂಪು. ಅವರಿಗೆ ಹೇಳಲು ನನ್ನಲ್ಲಿ ದನಿ ಉಳಿದಿರಲಿಲ್ಲ, ಕೈ ಮಾತ್ರ ಕೆಳಗೆ ತೋರಿಸಿದೆ. ಎಲ್ಲರೂ ಕೂತರು. ನಾನೂ ಪಕ್ಕಕ್ಕೆ ಬಿದ್ದ ಹಾಗೆ ಕೂತೆ. ಗಾಡಿ ಒಳಗೆ ಹೋಯಿತು. ನರ್ಸುಗಳು ಓಡಿ ಬಂದದ್ದು, ವಿಶಾಲೂವನ್ನು ಎತ್ತಿಕೊಂಡದ್ದು, ಅವಳ ಒಂದು ಕೈ ಜೋತಾಡುತ್ತಿದ್ದದ್ದು ನೆಲದ ಮಟ್ಟದಿಂದ ಕಂಡಿತು. ಗುಂಪಿನವರು ಎದ್ದು ಮೈ ಕೊಡವಿಕೊಂಡು ತಮ್ಮ ತಮ್ಮ ಕೆಲಸಕ್ಕೆ ಹೋದರು. ನಾನು ಏಳಲು ನೋಡಿದೆ. ಸೊಂಟದ ಕೆಳಗೆ ನನ್ನದು ಅನ್ನುವುದು ಏನೂ ಇರಲಿಲ್ಲ.

ಕೆರೆಯಲ್ಲಿ ಬೆಳಕು ಪೂರ್ತಿ ಆರುವ ತನಕ ನಾನು ಅಲ್ಲೇ ಕೂತಿದ್ದೆ. ಕೊನೆಗೆ ಒಳಗಿನಿಂದ ನೀಲಗಂಗವ್ವ ಬಂದಳು. ಅವಳ ಕೈಯ ಮೇಲೆ ಹಿಟ್ಟು ಒಣಗಿ ಬಿರುಕು ಬಿಟ್ಟಿತ್ತು. “ಹೆಣ್ಣು ಮಗಾ. ರಕ್ತಾ ಏರಿಸ್ಯಾರ. ಇಬ್ಬರೂ ಉಳದಾರ,” ಅಂದಳು. ನಾನು ಮುಖ ಮುಚ್ಚಿಕೊಂಡು ಅತ್ತೆ. ಅವಳು ನನ್ನ ಅಳು ಮುಗಿಯಲಿ ಅಂತ ಕಾದಳು. ಆಮೇಲೆ ನಾನು ಕೂತ ಭಂಗಿಯನ್ನು, ನೆಲಕ್ಕೆ ಊರಿದ್ದ ನನ್ನ ಎರಡೂ ಕೈಗಳನ್ನು, ಚಾಚಿಕೊಂಡು ಬಿದ್ದಿದ್ದ ಕಾಲುಗಳನ್ನು ನೋಡುತ್ತಾ ನೋಡುತ್ತಾ ಅವಳ ಮುಖ ಬದಲಾಯಿತು. ಎದುರಿಗೆ ಕುಸಿದು ಕೂತಳು.

“ಎಷ್ಟ ಗಾಲಿ ಹಾದವ್ರೀ?”

“ನಾಲ್ಕೂ.”

“ಏನೂ ಆಗಂಗಿಲ್ಲ ಅಂದ್ರೆಲ್ಲಾ. ತಂಗೀ ಆಣೀ ಮಾಡಿದ್ರಿ.”

“ನಮ್ಮೂರಲ್ಲಿ ಆಗಲ್ಲಮ್ಮ,” ಅಂದೆ. “ಅಲ್ಲಿ ದಿನಾ ಹಾಯಿಸ್ತೀವಿ. ಯಾರೂ ಅಮ್ಮಾ ಅಂದಿದ್ದನ್ನ ನಾನು ಕೇಳಿಲ್ಲ.”